ಅವತ್ತು ದೊಡ್ಡಮ್ಮ ಮನೇಲಿರಲಿಲ್ಲ

ನನಗೆ ಈಗಲೂ ಸಿಟ್ಟಿದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಬಾಲ್ಯದ ನೆನಪು ಅಂದ ಕೂಡಲೇ, ಕೊನೆಗೆ ಎಲ್ಲರನ್ನೂ ಕ್ಷಮಿಸಿ, ಕಣ್ಣೊರೆಸಿಕೊಂಡು, ಹಗುರಾಗಿ ಎದ್ದು ಹೋಗಬಹುದು ಅಂತ ಓದುವವರು ಕಾದಿರುತ್ತಾರೆ. ನನ್ನ ಹತ್ತಿರ ಅಂಥದ್ದೇನೂ ಸಿಗುವುದಿಲ್ಲ.

ಮದುವೆಯಾದಾಗಿನಿಂದ ನಾನು ತುಮಕೂರಿನಲ್ಲಿದ್ದೇನೆ. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಬರೆಯುವ ಹುಚ್ಚು ಯಾವತ್ತೂ ಇರಲಿಲ್ಲ. ಮಗಳ ಮದುವೆಯಾದ ಮೇಲೆ ಭಾನುವಾರಗಳು ಖಾಲಿ ಹೊಡೆಯತೊಡಗಿದವು. ಆಗ ಪಕ್ಕದ ಮನೆಯ ಗೆಳತಿ, ಬಿ.ಎಚ್. ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ಬರವಣಿಗೆ ಕಲಿಸುತ್ತಾರಂತೆ, ನಮ್ಮಂಥ ಹೆಂಗಸರಿಗೇ ಅಂತೆ, ಬಾ ಅಂತ ಎಳೆದುಕೊಂಡು ಹೋದಳು.

ಕಲಿಸುವವರು ಬೆಂಗಳೂರಿನಿಂದ ಬರುತ್ತಿದ್ದರು. ನನಗಿಂತ ಚಿಕ್ಕವರು, ಆದರೂ ಎಲ್ಲರೂ ಮೇಡಂ ಅನ್ನುತ್ತಿದ್ದೆವು. ಅವರ ದನಿ ಎಷ್ಟು ಮೆತ್ತಗೆ ಅಂದರೆ ಫ್ಯಾನ್ ಆರಿಸದಿದ್ದರೆ ಕೇಳುತ್ತಿರಲಿಲ್ಲ. ಅವರು ನಮ್ಮನ್ನು ಚಾಪೆ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಒಂದೊಂದೇ ಪ್ರಶ್ನೆ ಕೇಳುತ್ತಾ ಹಿಂದಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನೀವೀಗ ಪುಟ್ಟ ಮಗು. ನಿಮ್ಮ ಮೊದಲ ಮನೆಯ ಮುಂದೆ ನಿಂತಿದ್ದೀರಿ. ಕಾಲಡಿ ಮಣ್ಣಿದೆಯೋ ಕಲ್ಲಿದೆಯೋ? ಯಾವ ವಾಸನೆ ಬರುತ್ತಿದೆ? ಒಳಗೆ ಯಾರಿದ್ದಾರೆ? ಕರೆಯಿರಿ, ಯಾರು ಬರುತ್ತಾರೆ ನೋಡಿ. ನೆನಪಿಲ್ಲದ ಕಡೆ ಕಲ್ಪಿಸಿಕೊಳ್ಳಿ, ಪರವಾಗಿಲ್ಲ, ಅದೂ ನಿಮ್ಮೊಳಗಿಂದಲೇ ಬರುವುದು. ಆಮೇಲೆ ಕಣ್ಣು ಬಿಟ್ಟು, ಯಾರ ಜೊತೆಯೂ ಮಾತಾಡದೆ, ಕಂಡದ್ದನ್ನು ಬರೆಯಬೇಕು.

ಮೊದಲ ವಾರ ನನಗೆ ನಗು ಬಂತು. ಮಧ್ಯವಯಸ್ಸಿನ ಹೆಂಗಸರೆಲ್ಲ ಕಣ್ಣು ಮುಚ್ಚಿಕೊಂಡು ಅಜ್ಜಿ ಮನೆ ಹುಡುಕುತ್ತಿದ್ದರು. ಎರಡನೇ ವಾರ, ವಾಸನೆ ಅಂದಾಗ, ನನ್ನ ಮೂಗಿಗೆ ಕುದುರೆ ಮಸಾಲೆ ಸೊಪ್ಪಿನ ವಾಸನೆ ಬಂತು. ಕುದುರೆಗೆ ಹಾಕಲು ಹಸಿಯಾಗಿ ಕೊಯ್ದು ತಂದ ಸೊಪ್ಪು, ಅದರ ಜೊತೆಗೆ ಕುದುರೆಯ ಬೆವರು. ನಾನು ಬೆಳೆದ ಹಳ್ಳಿಯಲ್ಲಿ ತೆಂಗಿತ್ತು, ರಾಗಿ ಇತ್ತು, ಎಮ್ಮೆಗಳಿದ್ದವು. ಕುದುರೆ ಇರಲಿಲ್ಲ. ಕುದುರೆ ಇದ್ದದ್ದು ಕುಣಿಗಲ್‌ನಲ್ಲಿ.

ಮೇಡಂ, ಕರೆಯಿರಿ ಅಂದರು. ನಾನು ಮನಸ್ಸಿನಲ್ಲೇ ಅಮ್ಮಾ ಅಂದೆ. ಒಳಗಿನಿಂದ ಬಂದವಳು ದೊಡ್ಡಮ್ಮ.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು. ನಾನು ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರದ ಹಳ್ಳಿಯಲ್ಲಿ. ಅಣ್ಣನಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ ನಾನು ಹೊಟ್ಟೆಯಲ್ಲಿದ್ದೆ. ಅಮ್ಮನಿಗೆ ಮೈಯಲ್ಲಿ ರಕ್ತವಿರಲಿಲ್ಲ, ಎದೆಯಲ್ಲಿ ಹಾಲಿರಲಿಲ್ಲ. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಕುಣಿಗಲ್‌ನಲ್ಲಿದ್ದಳು. ಅವಳಿಗೆ ಮಕ್ಕಳಾಗಿರಲಿಲ್ಲ. ದೊಡ್ಡಪ್ಪ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದ. ಕೈಗೂಸಾಗಿದ್ದ ನನ್ನನ್ನು ದೊಡ್ಡಮ್ಮ ಎತ್ತಿಕೊಂಡು ಹೋಗಿ ಸಾಕಿದಳು. ನನಗೆ ನಾಲ್ಕು ವರ್ಷವಾಗಿದ್ದಾಗ ದೊಡ್ಡಪ್ಪ ಕಾಮಾಲೆ ಬಂದು ತೀರಿಕೊಂಡ. ಆಮೇಲೆ ದೊಡ್ಡಮ್ಮನಿಗೆ ನನ್ನನ್ನು ಸಾಕುವ ಮನಸ್ಸಿರಲಿಲ್ಲ, ಕರೆದುಕೊಂಡು ಹೋಗಿ ಅಂತ ಅವಳೇ ಹೇಳಿ ಕಳಿಸಿದಳು. ಇದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾ ಬಂದ ಕಥೆ. ಅಪ್ಪನ ತಂದೆ, ಅಂದರೆ ತಾತ ಹೇಳಿದರು, ಅಪ್ಪ ಹೇಳಿದರು, ಅಮ್ಮನೂ ಹೇಳಿದಳು. ಊರಿನವರೂ ಅದನ್ನೇ ಹೇಳುತ್ತಿದ್ದರು.

ಆ ಕಥೆಗೆ ನನ್ನ ಹತ್ತಿರ ಒಂದು ಚಿತ್ರವೂ ಇತ್ತು. ತಾತನ ಹೆಗಲ ಮೇಲೆ ನಾನಿದ್ದೇನೆ. ಹಿಂದಕ್ಕೆ ತಿರುಗಿ ನೋಡುತ್ತೇನೆ. ಬಾಗಿಲಲ್ಲಿ ದೊಡ್ಡಮ್ಮ ಚೌಕಟ್ಟು ಹಿಡಿದು ನಿಂತಿದ್ದಾಳೆ. ಅಳುತ್ತಿಲ್ಲ. ಹೊಸಿಲು ದಾಟಿ ಬರುತ್ತಿಲ್ಲ. ನೋಡುತ್ತಿದ್ದ ಹಾಗೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಇದೇ ನನ್ನ ಮೊದಲ ನೆನಪು ಅಂತ ನಾನು ಯಾರು ಕೇಳಿದರೂ ಹೇಳುತ್ತಿದ್ದೆ. ಈ ಚಿತ್ರ ಇಟ್ಟುಕೊಂಡೇ ನಾನು ದೊಡ್ಡಮ್ಮನನ್ನು ದೂರ ಇಟ್ಟಿದ್ದೆ. ಮದುವೆ ಮುಂಜಿಯಲ್ಲಿ ಸಿಕ್ಕರೆ ಚೆನ್ನಾಗಿದೀಯಾ ಅನ್ನುವುದು, ಅಷ್ಟೇ.

ಆ ಭಾನುವಾರ ಇದನ್ನೇ ಬರೆದೆ. ಮೇಡಂ ನಮ್ಮ ನಡುವೆ ಓಡಾಡುತ್ತಾ ಇನ್ನೂ ಹತ್ತಿರ ಹೋಗಿ, ಇನ್ನೂ ನೋಡಿ ಅನ್ನುತ್ತಿದ್ದರು. ನನ್ನ ಪಕ್ಕ ಬಂದು, ಅವರ ಕೈ ನೋಡಿ, ಕೈಯಲ್ಲಿ ಏನಿದೆ ಅಂತ ಕೇಳಿದರು. ಚೌಕಟ್ಟು ಹಿಡಿದ ಕೈಯಲ್ಲಿ ಹಸಿರು ಗಾಜಿನ ಬಳೆ ಕಂಡವು. ಬಾಗಿಲು ಹಾಕುವಾಗ ಅವು ಸದ್ದು ಮಾಡಿದವು ಅಂತ ಬರೆದೆ.

ಓದಿದಾಗ ಒಂದಿಬ್ಬರು ಕಣ್ಣೊರೆಸಿಕೊಂಡರು. ಮೇಡಂ ಬಂದು ನನ್ನ ಕೈ ಹಿಡಿದುಕೊಂಡು, ಈಗ ಮುಂದಿನ ಹೆಜ್ಜೆ ಅಂದರು. ಮತ್ತೆ ಕಣ್ಣು ಮುಚ್ಚಬೇಕು. ಬಾಗಿಲು ಮತ್ತೆ ತೆಗೆಯಬೇಕು. ದೊಡ್ಡಮ್ಮ ಓಡಿಬಂದು ನನ್ನನ್ನು ಎತ್ತಿಕೊಂಡು ಮುದ್ದಾಡಬೇಕು. ಅದನ್ನು ಬರೆಯಬೇಕು. ಬರೆದರೆ ಒಳಗಿರುವ ಮಗುವಿಗೆ ಸಮಾಧಾನವಾಗುತ್ತದಂತೆ.

ಆಗದೇ ಇದ್ದದ್ದನ್ನು ಯಾಕೆ ಬರೆಯಬೇಕು ಅಂತ ಕೇಳಿದೆ. ಮೇಡಂ ನಕ್ಕು, "ನೆನಪು ಅಂದ್ರೇನೇ ಅರ್ಧ ಕಲ್ಪನೆ ಅಲ್ವಾ? ಹೆಂಗಿದ್ರೂ ಕಲ್ಪಿಸಿಕೊಳ್ತೀವಿ, ಒಳ್ಳೇದನ್ನೇ ಕಲ್ಪಿಸಿಕೊಳ್ಳೋಣ" ಅಂದರು.

ನನಗೆ ಮೈಯೆಲ್ಲಾ ಉರಿಯಿತು. ಸ್ಟೋರ್ಸ್‌ನಲ್ಲಿ ಇಲ್ಲದ ಸಾಮಾನನ್ನು ಇದೆ ಅಂತ ಬರೆದರೆ ಸಂಜೆಯೊಳಗೆ ನನ್ನ ಕೆಲಸ ಹೋಗುತ್ತದೆ. ಇಲ್ಲಿ ನನ್ನ ಬದುಕಿನಲ್ಲಿ ಇಲ್ಲದ್ದನ್ನು ಬರೆ, ಆರಾಮಾಗುತ್ತೀಯಾ ಅನ್ನುತ್ತಿದ್ದಾರೆ. ಬೇರೆಯವರೆಲ್ಲ ಬರೆದರು. ಹೊಡೆಯುತ್ತಿದ್ದ ಅಪ್ಪಂದಿರೆಲ್ಲ ಮಿಠಾಯಿ ತಂದುಕೊಟ್ಟರು. ನಾನು ಪೆನ್ನು ಮುಚ್ಚಿ ಕೂತೆ.

ಸಂಜೆ ಚಪಾತಿ ಲಟ್ಟಿಸುತ್ತಿದ್ದೆ. ನನ್ನ ಕೈಬಳೆ ಲಟ್ಟಣಿಗೆಗೆ ತಾಗಿ ಸದ್ದಾಯಿತು. ಕೈ ನಿಂತುಹೋಯಿತು. ನನ್ನನ್ನು ಕರೆತಂದದ್ದು ದೊಡ್ಡಪ್ಪ ಸತ್ತ ಮೇಲೆ. ತಿಥಿಯೂ ಆಗಿತ್ತು. ನಮ್ಮ ಕಡೆ ಆ ಕಾಲದಲ್ಲಿ ತಿಥಿಯ ದಿನ ಹೆಂಡತಿಯ ಕೈಬಳೆ ಒಡೆದು ತೆಗೆಯುತ್ತಿದ್ದರು. ಅವತ್ತು ದೊಡ್ಡಮ್ಮನ ಕೈಯಲ್ಲಿ ಬಳೆ ಎಲ್ಲಿಂದ ಬಂತು?

ಮೇಡಂ ಕೇಳಿದ್ದಕ್ಕೆ ಬಳೆ ಮಾತ್ರ ಹುಟ್ಟಿಕೊಂಡಿತು, ಮಿಕ್ಕದ್ದು ನಿಜ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಬಳೆ ಹುಟ್ಟಿಕೊಳ್ಳುವುದಾದರೆ ಕೈಯೂ ಹುಟ್ಟಿಕೊಂಡಿರಬಹುದು. ಮುಂದಿನ ಭಾನುವಾರ ಬಿ.ಎಚ್. ರಸ್ತೆಗೆ ಹೋಗಲಿಲ್ಲ. ಕುಣಿಗಲ್ ಬಸ್ಸು ಹತ್ತಿದೆ.

ದೊಡ್ಡಮ್ಮನ ಮನೆ ಕೆರೆ ಏರಿಯಿಂದ ಹೆಚ್ಚು ದೂರವಿಲ್ಲ. ಗಂಡ ಹೋದ ಮೇಲೆ ಹೊಲಿಗೆ ಕಲಿತು, ಊರಿನ ಅರ್ಧ ಹೆಂಗಸರ ರವಿಕೆ ಹೊಲಿದು ಬದುಕಿದವಳು. ಈಗ ಕಣ್ಣು ಮಂಜು. ಆದರೂ ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಯುವ ಹುಡುಗಿಯರು ಗಿಜಿಗುಡುತ್ತಿರುತ್ತಾರೆ. ನನ್ನನ್ನು ನೋಡಿ ಅವಳಿಗೆ ಗಾಬರಿಯಾಯಿತು, ಯಾರಿಗೇನಾಯ್ತು ಅಂದಳು. ಯಾರಿಗೂ ಏನೂ ಆಗಿಲ್ಲ ಅಂದೆ. ಹುಡುಗಿಯರನ್ನು ಊಟಕ್ಕೆ ಕಳಿಸಿ ಎದುರಿಗೆ ಕೂತಳು. ನನಗೆ ಸುತ್ತಿಬಳಸಿ ಕೇಳುವುದು ಗೊತ್ತಿಲ್ಲ. ಅವತ್ತು ನನ್ನನ್ನು ಕಳಿಸುವಾಗ ಬಾಗಿಲಲ್ಲಿ ನಿಂತಿದ್ದೆಯಲ್ಲ, ಯಾಕೆ ಹೊರಗೆ ಬರಲಿಲ್ಲ ಅಂತ ಕೇಳಿಬಿಟ್ಟೆ.

ದೊಡ್ಡಮ್ಮ ನನ್ನ ಮುಖವನ್ನೇ ನೋಡಿದಳು.

"ಯಾರು ಹೇಳಿದ್ದು ನಿಂಗೆ, ನಾನು ಬಾಗ್ಲಲ್ಲಿ ನಿಂತಿದ್ದೆ ಅಂತ?"

"ಯಾರೂ ಹೇಳ್ಲಿಲ್ಲ. ನಂಗೆ ನೆನಪಿದೆ."

"ಅವತ್ತು ನಾನು ಮನೇಲೇ ಇರ್ಲಿಲ್ಲ ಕಣೇ" ಅಂದಳು ದೊಡ್ಡಮ್ಮ.

ಆಮೇಲೆ ಅವಳು ಹೇಳಿದ್ದು ಇಷ್ಟು. ದೊಡ್ಡಪ್ಪ ಕೆಲಸ ಮಾಡುತ್ತಿದ್ದ ಕಡೆಯಿಂದ ಅವಳಿಗೆ ಕರೆ ಬಂದಿತ್ತು, ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಿತ್ತು. ನನ್ನನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ ಅವಳು ಹೋಗಿ ಬರುವಷ್ಟರಲ್ಲಿ ತಾತ ಮತ್ತು ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋಗಿದ್ದರು. ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದರು. ಗಂಡಸಿಲ್ಲದ ಮನೆ, ಮುಂಡೆ ಮಡಿಲಲ್ಲಿ ನಮ್ಮ ಹೆಣ್ಣುಮಗು ಬೆಳೆಯೋದು ಬೇಡ ಅಂತ ತಾತ ಪಕ್ಕದ ಮನೆಯವರಿಗೆ ಹೇಳಿ ಹೋಗಿದ್ದರು. ದೊಡ್ಡಮ್ಮ ಬಸ್‌ಸ್ಟ್ಯಾಂಡಿಗೆ ಓಡಿದಳು. ಬಸ್ಸು ಹೊರಟುಹೋಗಿತ್ತು. ಮಾರನೇ ದಿನ ನಮ್ಮ ಹಳ್ಳಿಗೆ ಬಂದಳು. ಅವಳನ್ನು ಜಗಲಿ ಮೇಲೆ ಕೂರಿಸಿದರು. ಮಗು ಈಗ ತಾನೇ ಒಗ್ಗಿಕೊಳ್ಳುತ್ತಿದೆ, ನಿನ್ನ ಮುಖ ನೋಡಿದರೆ ಮತ್ತೆ ಶುರು ಮಾಡುತ್ತದೆ ಅಂದರು. ನಾನು ಆಗ ಮನೆಯಲ್ಲಿರಲಿಲ್ಲ, ನನ್ನನ್ನು ಯಾರೋ ತೋಟಕ್ಕೆ ಕರೆದುಕೊಂಡು ಹೋಗಿದ್ದರು. ಅಮ್ಮ ಅಡುಗೆಮನೆಯಿಂದ ಹೊರಗೇ ಬರಲಿಲ್ಲವಂತೆ.

"ಊಟ ಮಾಡ್ಕೊಂಡು ಹೋಗು ಅಂದ್ರು" ಅಂದಳು ದೊಡ್ಡಮ್ಮ. "ಉಂಡೆ ಕಣೇ. ಹಿಂದಿನ ದಿನದಿಂದ ಏನೂ ತಿಂದಿರ್ಲಿಲ್ಲ. ಮಗೂನ ಕೊಡಲ್ಲ ಅಂದೋರ ಮನೇಲಿ ಕೂತು ಮುದ್ದೆ ಉಂಡು ಬಂದೆ. ಅದೊಂದು ಇವತ್ಗೂ ನನ್ನ ಬುಡ್ತಾ ಇಲ್ಲ."

ಅದಾದ ಮೇಲೂ ಅವಳು ಬಂದಿದ್ದಳು. ಬಂದಾಗಲೆಲ್ಲ ನಾನು ಅವಳನ್ನು ಕಂಡು ಓಡಿಹೋಗುತ್ತಿದ್ದೆನಂತೆ. ಆಮೇಲೆ ಬರುವುದನ್ನು ನಿಲ್ಲಿಸಿದಳು.

ನಾನು ಎಲ್ಲ ಹೇಳಿದೆ. ಕಣ್ಣು ಮುಚ್ಚಿಸುವ ಮೇಡಂ, ಸೊಪ್ಪಿನ ವಾಸನೆ, ನಾನು ಬರೆದದ್ದು. ಸೊಪ್ಪಿನ ವಾಸನೆ ಅಂದಾಗ ಮಾತ್ರ ಅವಳ ಮುಖ ಸ್ವಲ್ಪ ಅರಳಿತು. ದೊಡ್ಡಪ್ಪನ ಅಂಗಿ ತುಂಬ ಅದೇ ವಾಸನೆ ಇರುತ್ತಿತ್ತು, ನೀನು ಅವರ ಎದೆ ಮೇಲೆ ಮಲಗದೆ ನಿದ್ದೆ ಮಾಡುತ್ತಿರಲಿಲ್ಲ ಅಂದಳು. ಆಮೇಲೆ ನನ್ನ ಮೊಣಕೈ ಹಿಡಿದು, "ಬರೆಯೋದಾದ್ರೆ ಸರಿಯಾಗಿ ಬರಿ. ನಾನು ಕಳಿಸ್ಲಿಲ್ಲ ಅಂತ ಬರಿ. ಅವತ್ತು ನಾನು ಮನೇಲಿರ್ಲಿಲ್ಲ ಅಂತ ಬರಿ" ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಣ್ಣು ಮುಚ್ಚಿ ಇದನ್ನು ಕಲ್ಪಿಸಿಕೋ ಅಂತ ನನಗೆ ಹೇಳಿದವರಲ್ಲಿ ಆ ಮೇಡಂ ಮೊದಲನೆಯವರಲ್ಲ. ಅವರಿಗಿಂತ ಎಷ್ಟೋ ಮೊದಲು, ನಾಲ್ಕು ವರ್ಷದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ನಮ್ಮ ಮನೆಯವರು ಅದೇ ಪಾಠ ಮಾಡಿದ್ದರು. ನಿನ್ನ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು, ಬರಲಿಲ್ಲ ನೋಡು. ಅಳಲಿಲ್ಲ ನೋಡು. ಬಾಗಿಲು ಹಾಕಿಕೊಂಡಳು ನೋಡು. ಮಗು ಪಾಪ, ನೋಡಿತು. ಅವರು ಹೇಳಿದ್ದೆಲ್ಲ ಅದಕ್ಕೆ ಕಂಡಿತು. ತಾವು ಮಾಡಿದ್ದನ್ನು ಅವಳ ತಲೆಗೆ ಕಟ್ಟಿ, ಅದನ್ನು ನನ್ನ ಕಣ್ಣಿನಿಂದಲೇ ಕಂಡ ಹಾಗೆ ಮಾಡಿದರು. ಗಂಡನನ್ನು ಕಳೆದುಕೊಂಡು ಇನ್ನೂ ತಿಂಗಳು ತುಂಬದ ಹೆಂಗಸಿನಿಂದ ಮಗುವನ್ನೂ ಕಿತ್ತುಕೊಂಡರು. ಅದು ಸಾಲದೆ, ಆ ಮಗುವಿನ ಮನಸ್ಸಿನಿಂದಲೂ ಅವಳನ್ನು ಹೊರಗೆ ಹಾಕಿದರು. ಅದಕ್ಕೆ ನನ್ನನ್ನೇ ಸಾಕ್ಷಿ ಮಾಡಿದರು.

ತಾತ ಇಲ್ಲ, ಅಪ್ಪ ಇಲ್ಲ. ಇರುವವಳು ಅಮ್ಮ. ಗುಬ್ಬಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಮರುವಾರ ಹೋದೆ. ಅವರೆಕಾಯಿಯ ಕಾಲ. ಅಮ್ಮ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಅಣ್ಣ ಟಿವಿ ಮುಂದಿದ್ದ. ನಾನು ಕೂರದೆ, ನಿಂತುಕೊಂಡೇ ಬರವಣಿಗೆ ಕ್ಲಾಸಿನಿಂದ ಹಿಡಿದು ದೊಡ್ಡಮ್ಮ ಹೇಳಿದ್ದರವರೆಗೆ ಎಲ್ಲ ಹೇಳಿ, ಇದು ನಿಜವಾ ಅಂತ ಕೇಳಿದೆ. ಅಮ್ಮ ಕಾಳು ಹಿಸುಕುವುದನ್ನು ನಿಲ್ಲಿಸಲಿಲ್ಲ.

"ಅವಾಗ ಹಂಗಿತ್ತು, ಬುಡು" ಅಂದಳು.

ಅವಾಗ ಹಂಗಿತ್ತು. ನಮ್ಮ ಮನೆಗಳಲ್ಲಿ ಈ ಮಾತಿನ ಕೆಳಗೆ ಏನೆಲ್ಲ ಹೂತುಹಾಕಿದ್ದಾರೋ. ಅವಾಗ ಹೇಗಿತ್ತು, ಯಾರು ಹಾಗೆ ಮಾಡಿದ್ದರು, ಬೇಡ ಅನ್ನಲು ನಿನಗೇನಾಗಿತ್ತು ಅಂತ ಜೋರು ದನಿಯಲ್ಲೇ ಕೇಳಿದೆ. ನೀನು ಅವಳ ತಂಗಿ, ಅವಳು ಜಗಲಿ ಮೇಲೆ ಕೂತಿದ್ದಾಗ ಒಂದು ಲೋಟ ನೀರು ತಂದುಕೊಡಲಿಲ್ಲ ಅಂದೆ. ಅಣ್ಣ ಟಿವಿ ಆರಿಸಿ ಎದ್ದು ಬಂದ. ಸತ್ತವರೆಲ್ಲ ಸತ್ತುಹೋದರು, ಈ ವಯಸ್ಸಿನಲ್ಲಿ ಅಮ್ಮನಿಗೆ ಬಿಪಿ ಏರಿಸಬೇಡ, ಎಲ್ಲೋ ಹೋಗಿ ಕಣ್ಣು ಮುಚ್ಚಿ ಕೂತು ಬಂದು ನಮ್ಮ ಮೇಲೆ ಕೂಗಾಡಬೇಡ ಅಂದ. ಅವನು ಹೇಳಿದ್ದರಲ್ಲಿ ಬಿಪಿ ವಿಷಯ ನಿಜ. ನಾನು ಊಟ ಮಾಡದೆ ಬಂದೆ.

ಬರವಣಿಗೆಯ ಕ್ಲಾಸಿಗೆ ಇನ್ನೊಂದೇ ಸಲ ಹೋದೆ. ಮೊದಲು ಬರೆದದ್ದನ್ನು ಹೊಡೆದುಹಾಕಿ, ದೊಡ್ಡಮ್ಮ ಹೇಳಿದ ಹಾಗೆ ಬರೆದು ಓದಿದೆ. ಮೇಡಂ ತುಂಬ ಮೆಚ್ಚಿಕೊಂಡರು. ಎಲ್ಲರೂ ಕಣ್ಣು ಮುಚ್ಚಿ, ಆ ತಾತನನ್ನು ಎದುರಿಗೆ ಕೂರಿಸಿಕೊಂಡು ಕ್ಷಮಿಸಿದ್ದೇನೆ ಅಂತ ಹೇಳೋಣ ಅಂದರು. ಎಲ್ಲರೂ ಕಣ್ಣು ಮುಚ್ಚಿದರು. ನನ್ನ ಗೆಳತಿಯೂ ಮುಚ್ಚಿದಳು. ನನ್ನ ತಾತನನ್ನು, ಅವರು ಕಂಡೂ ಇಲ್ಲದ ಮನುಷ್ಯನನ್ನು, ಅಷ್ಟು ಜನ ಕ್ಷಮಿಸಲು ಕೂತಿದ್ದರು.

"ನಾನು ಕಣ್ಣು ಮುಚ್ಚಲ್ಲ ಮೇಡಂ" ಅಂದೆ. "ಒಂದ್ಸಲ ಮುಚ್ಚಿಸಿದ್ರು. ಬಿಡೋಕೆ ಇಷ್ಟು ವರ್ಷ ಹಿಡೀತು."

ಚೀಲ ತಗೊಂಡು ಮೆಟ್ಟಿಲಿಳಿದೆ. ಮೇಡಂ ಕೆಟ್ಟವರಲ್ಲ. ಕೈ ನೋಡಿ ಅಂತ ಅವರು ಹೇಳದಿದ್ದರೆ ನಾನು ಕುಣಿಗಲ್‌ಗೆ ಹೋಗುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅವರಿಗೆ ನಿಜ ಬೇಕಾಗಿರಲಿಲ್ಲ, ನನಗೆ ಸಮಾಧಾನವಾಗುವುದು ಬೇಕಾಗಿತ್ತು. ನಮ್ಮ ತಾತನಿಗೂ ಬೇಕಾಗಿದ್ದದ್ದು ಅದೇ, ಮಗು ಅಳು ನಿಲ್ಲಿಸುವುದು.

ಕೆಲವು ವಾರ ಅಮ್ಮ ಮಾತಾಡಲಿಲ್ಲ. ನಾನೂ ಫೋನ್ ಮಾಡಲಿಲ್ಲ. ಒಂದು ಮಧ್ಯಾಹ್ನ ಸ್ಟೋರ್ಸ್‌ನಲ್ಲಿದ್ದಾಗ ಅವಳೇ ಮಾಡಿದಳು. ಅಣ್ಣ ಅತ್ತಿಗೆ ಮನೆಯಲ್ಲಿರಲಿಲ್ಲ ಅಂತ ದನಿಯಲ್ಲೇ ಗೊತ್ತಾಯಿತು. ನಾನು ಬಂದ ಹೊಸದರಲ್ಲಿ ಅವಳನ್ನು ಚಿಕ್ಕಮ್ಮ ಅನ್ನುತ್ತಿದ್ದೆನಂತೆ. ಚಿಕ್ಕಮ್ಮ, ನಮ್ಮಮ್ಮ ಯಾವಾಗ ಬರ್ತಾಳೆ ಅಂತ ಬಾವಿ ಹತ್ತಿರ, ಊಟದ ಹೊತ್ತಿನಲ್ಲಿ, ನೆಂಟರ ಮುಂದೆ ಕೇಳುತ್ತಿದ್ದೆನಂತೆ. ಅವಳ ಅತ್ತೆ ಮಾವ ನಗುತ್ತಿದ್ದರಂತೆ, ಹೆತ್ತವಳಿಗೇ ಚಿಕ್ಕಮ್ಮ ಅಂತಾಳೆ ನೋಡು ಅಂತ.

"ಬಾಗ್ಲು ಹಾಕ್ಕೊಂಡ್ಲು ಅಂತ ನಾನೇ ಹೇಳಿದ್ದು" ಅಂದಳು ಅಮ್ಮ. "ನಿಮ್ಮ ತಾತ ಅಲ್ಲ. ದಿನಾ ಹೇಳ್ತಿದ್ದೆ. ಹಂಗಾದ್ರೂ ನನ್ನ ಅಮ್ಮ ಅಂತೀಯ ಅಂತ."

ಅವಳ ಕಷ್ಟ ನನಗೆ ಅರ್ಥವಾಗಲಿಲ್ಲ ಅಂತಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು ಮನೆಯವರೆಲ್ಲರ ಮುಂದೆ ಚಿಕ್ಕಮ್ಮ ಅಂದರೆ ಯಾವ ಹೆಂಗಸಿಗೆ ತಡೆಯುತ್ತದೆ? ಅರ್ಥವಾಯಿತು. ಅರ್ಥವಾದ ಮೇಲೂ ಸಿಟ್ಟು ಹಾಗೇ ಇತ್ತು. ಮಗುವಿನ ಬಾಯಲ್ಲಿ ಒಬ್ಬಳಿಗೆ ಅಮ್ಮ ಅನ್ನಿಸಲು ಇನ್ನೊಬ್ಬಳನ್ನು ಕಲ್ಲು ಮಾಡಿದರು. ಅವಳನ್ನು ಹಾಗೆ ನೋಡಿದವಳು ನಾನು.

ಕುಣಿಗಲ್‌ಗೆ ಕರೆದುಕೊಂಡು ಹೋಗ್ತೀಯಾ ಅಂತ ಕೇಳಿದಳು. ಕರೆದುಕೊಂಡು ಹೋದೆ. ಅಣ್ಣ ಕಾರು ಕೊಡಲಿಲ್ಲ, ಬಸ್ಸಿನಲ್ಲೇ ಹೋದೆವು. ದೊಡ್ಡಮ್ಮನಿಗೆ ಮೊದಲೇ ಹೇಳಿದ್ದೆ. ಬರಲಿ ಅಂದಿದ್ದಳು, ಅಷ್ಟೇ.

ಹುಡುಗಿಯರು ಕಾಫಿ ತಂದಿಟ್ಟು ಒಳಗೆ ಹೋದರು. ಅಕ್ಕತಂಗಿಯರಿಬ್ಬರೂ ಹೊಲಿಗೆ ಮೆಷಿನ್ನಿನ ಆಚೆಗೊಬ್ಬಳು ಈಚೆಗೊಬ್ಬಳು ಕೂತರು. ಮಂಡಿನೋವಿನ ಮಾತಾಯಿತು, ತೆಂಗಿನಕಾಯಿಗೆ ನುಸಿ ಹಿಡಿದ ಮಾತಾಯಿತು. ಆಮೇಲೆ ದೊಡ್ಡಮ್ಮ ಲೋಟ ಕೆಳಗಿಟ್ಟಳು.

"ಅವತ್ತು ನಂಗೆ ಒಂದ್ಮಾತು ಹೇಳಿ ಮಗೂನ ಕರ್ಕೊಂಡು ಹೋಗಿದ್ರೆ, ನಾನು ಬೇಡ ಅಂತಿದ್ನಾ?"

"ಅಂತಿದ್ದೆ" ಅಂದಳು ಅಮ್ಮ.

"ಹೂಂ" ಅಂದಳು ದೊಡ್ಡಮ್ಮ. "ಅಂತಿದ್ದೆ. ಕೊಡ್ತಿರ್ಲಿಲ್ಲ."

ಇಬ್ಬರೂ ಅಳಲಿಲ್ಲ. ತಬ್ಬಿಕೊಳ್ಳಲಿಲ್ಲ. ಅಮ್ಮ ತಪ್ಪಾಯ್ತು ಅನ್ನಲಿಲ್ಲ. ಅವಳ ಬಾಯಿಗೆ ಆ ಮಾತು ಬರುವುದಿಲ್ಲ, ನನಗೂ ಒಂದು ದಿನ ಹೇಳಿದವಳಲ್ಲ. ನನಗೆ ಎದ್ದು, ಹೇಳಮ್ಮ, ಈಗಲಾದರೂ ಹೇಳು ಅಂತ ಕೂಗಬೇಕು ಅನ್ನಿಸಿತು. ಅದು ಅವರಿಬ್ಬರ ನಡುವಿನ ಮಾತು, ನನ್ನದಲ್ಲ ಅಂತ ಹಲ್ಲುಕಚ್ಚಿ ಕೂತೆ. ಹೊರಡುವಾಗ ದೊಡ್ಡಮ್ಮ ಕುಂಕುಮದ ಬಟ್ಟಲನ್ನು ಹುಡುಗಿಯೊಬ್ಬಳ ಕೈಗೆ ಕೊಟ್ಟು ಅಮ್ಮನ ಮುಂದೆ ಹಿಡಿಸಿದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಯಾರೂ ಕುಂಕುಮ ಕೊಟ್ಟಿರಲಿಲ್ಲ. ಅಮ್ಮ ಏನು ಮಾಡಬೇಕೋ ತಿಳಿಯದೆ ನನ್ನ ಕಡೆ ನೋಡಿದಳು. ತಗೋ ಅಂದೆ. ತಗೊಂಡಳು.

ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸಿಗೆ ಹತ್ತಿಸುವಾಗ ಅಮ್ಮ ಕಿಟಕಿಯಿಂದ ಬಗ್ಗಿ, ನಿಮ್ಮ ದೊಡ್ಡಮ್ಮ ಇನ್ನೊಂದು ಸಲ ಬಾ ಅಂದಳಾ, ನನಗೆ ಕೇಳಿಸಲಿಲ್ಲ ಅಂದಳು.

ಅಂದಳು ಅಂತ ಹೇಳಬಹುದಿತ್ತು. ಮುದುಕಿ ಖುಷಿಯಾಗಿ ಮನೆ ಸೇರುತ್ತಿದ್ದಳು.

"ಇಲ್ಲಮ್ಮ" ಅಂದೆ. "ಅನ್ನಲಿಲ್ಲ."

ಬಸ್ಸು ಹೊರಟಿತು. ನಾನು ಸ್ಕೂಟರ್ ನಿಲ್ಲಿಸಿದ್ದ ಕಡೆ ನಡೆದೆ.